ಎಕ್ಸ್‌ರೇ ಕೋಣೆಯ ಸುಳ್ಳಾಸ್ಪತ್ರೆ

ಅವನು ಒಣ ಮನುಷ್ಯ. ಕೆಟ್ಟವನೆಂದು ಯಾರೂ ಬೊಟ್ಟು ಮಾಡುವಂತಿರಲಿಲ್ಲ. ಒಳ್ಳೆಯವನೆನ್ನಲು ಅವನೇ ಯಾರಿಗೂ ಆಸ್ಪದ ಕೊಟ್ಟಿರಲಿಲ್ಲ. ಮನುಷ್ಯ ಒಂದು ಕಡೆ, ನಿಯಮ ಇನ್ನೊಂದು ಕಡೆ ನಿಂತಾಗಲೆಲ್ಲ ಅವನು ನಿಯಮದ ಕೈ ಹಿಡಿದ, ಅದೂ ಹಿಂದೆಮುಂದೆ ನೋಡದೆ.

ಆಸ್ಪತ್ರೆಯಲ್ಲಿ ಅವನಿಗೆ ‘ಬೀಗ’ ಎಂದು ಹೆಸರು. ಬೆನ್ನ ಹಿಂದೆ ಬರಿಯ ಬೀಗ, ಎದುರಿಗೆ ಬೀಗ ಸಾರ್. ಎದುರಿಗೇ ಹಾಗೆ ಕರೆದರೂ ಅವನು ಬೇಸರಪಡುತ್ತಿರಲಿಲ್ಲ; ಬೇಸರಪಡುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಅಲ್ಲಿನ ಕಂಪ್ಯೂಟರುಗಳೆಲ್ಲ ಅವನ ಸುಪರ್ದಿಯಲ್ಲಿದ್ದವು. ಪಾಸ್‌ವರ್ಡ್ ಮರೆತ ನರ್ಸು ಅವನ ಬಾಗಿಲಿಗೆ ಬಂದರೆ, ವರ್ಷಗಟ್ಟಲೆ ದಿನಾ ನೋಡಿದ ಮುಖವೇ ಆದರೂ ಗುರುತಿನ ಚೀಟಿ ಕೇಳುತ್ತಿದ್ದ.

“ಅಯ್ಯೋ, ನಾನು ಸಾರ್!”

“ನೀವು ಅಂತ ನನಗೆ ಗೊತ್ತು. ಕಾರ್ಡು ತೋರಿಸಿ.”

“ವಾರ್ಡಲ್ಲಿ ಬಿಟ್ಟು ಬಂದಿದೀನಿ. ಎರಡು ಮಹಡಿ ಇಳಿದು ಬಂದೆ.”

“ಎರಡು ಮಹಡಿ ಹತ್ತಿ ತನ್ನಿ.”

ಅವಳು ಗೊಣಗುತ್ತ ಹತ್ತಿ ಇಳಿದು ಬರುವವರೆಗೂ ಅವನು ಕುರ್ಚಿಯಲ್ಲಿ ಹಾಗೇ ಕೂತಿರುತ್ತಿದ್ದ. ಸತಾಯಿಸುವ ಖುಷಿಯೂ ಇಲ್ಲ, ಪಾಪ ಅನ್ನಿಸುವುದೂ ಇಲ್ಲ. ಕಾರ್ಡು ಬಂತೇ, ಕೆಲಸ ಆಯಿತು.

ಮನೆಯಲ್ಲಿ ಇದ್ದದ್ದು ಅವನ ಅಕ್ಕ ಒಬ್ಬಳೇ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು. ಅವಳು ಬಂದಾಗ ಇನ್ನೂ ಅವನ ಹೆಂಡತಿ ಇದ್ದಳು. ಆ ಹೆಂಡತಿ ಮದುವೆಯಾದ ಕೆಲವೇ ವರ್ಷಕ್ಕೆ ತನ್ನ ಬಟ್ಟೆಬರೆ ಕಟ್ಟಿಕೊಂಡು ಹೊರಟುಬಿಟ್ಟಳು. ಜಗಳವೇನೂ ಆಗಿರಲಿಲ್ಲ. ಬಾಗಿಲಲ್ಲಿ ನಿಂತು, “ಅತ್ತಿಗೆ, ಇವರು ಕೆಟ್ಟವರಲ್ಲ. ಬಾಗಿಲು ತಟ್ಟಿ ತಟ್ಟಿ ನನ್ನ ಕೈ ಸೋತುಹೋಯ್ತು, ಅಷ್ಟೇ,” ಎಂದಿದ್ದಳಂತೆ. ಆ ದಿನವೂ ಅವನು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋದ. ಸಂಜೆ ಬಂದು ಊಟ ಮಾಡಿ ತಟ್ಟೆ ತೊಳೆದಿಟ್ಟ. ಅಕ್ಕ ಅವತ್ತಿನಿಂದ ಅವನೊಡನೆ ಮಾತಿಗಿಂತ ಚುಚ್ಚುಮಾತನ್ನೇ ಹೆಚ್ಚು ಆಡಿದಳು, ಏನಾದರೂ ತಾಗೀತೇ ಎಂದು.

ಹಿಂದಿನ ವರ್ಷ ಆಸ್ಪತ್ರೆಗೆ ಹೊಸ ಸಾಫ್ಟ್‌ವೇರ್ ಹಾಕಿಸುವ ಯೋಗ ಬಂದಿತ್ತು. ಹೆಸರು ಬರೆಸುವ ಕೌಂಟರು, ರಕ್ತ ಪರೀಕ್ಷೆಯ ಲ್ಯಾಬು, ಔಷಧಿ ಕೊಡುವ ಕಿಟಕಿ, ಇವನ್ನೆಲ್ಲ ಒಂದಕ್ಕೊಂದು ಹೆಣೆದಿದ್ದ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಬೇಕು. ಸೂಪರಿಂಟೆಂಡೆಂಟರಿಗೆ ಎಲ್ಲಿಲ್ಲದ ಅವಸರ. ದಿನನಿತ್ಯ ಕೆಲಸ ಮಾಡುತ್ತಿದ್ದ ಸರ್ವರಿನ ಮೇಲೆಯೇ ನೇರವಾಗಿ ಹಾಕಿಸಿಬಿಟ್ಟರು. ಅವನು ಬೇಡವೆಂದಿದ್ದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸೋಮವಾರ ಬೆಳಿಗ್ಗೆ ಎಲ್ಲ ಪರದೆಗಳೂ ಒಟ್ಟಿಗೆ ಮಂಕಾದವು. ರೋಗಿಗಳ ಸಾಲು ಗೇಟು ದಾಟಿ ರಸ್ತೆಗೆ ಇಳಿಯಿತು. ಜ್ವರದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತರು. ಮಧ್ಯಾಹ್ನದ ಹೊತ್ತಿಗೆ ಅವನು ಹಳೆಯದನ್ನೇ ಮತ್ತೆ ಎಬ್ಬಿಸಿ ನಿಲ್ಲಿಸಿದ. ಬೈಗುಳ ಮಾತ್ರ ಅವನ ಪಾಲಿಗೇ ಬಂತು. ಯಂತ್ರ ಕೆಟ್ಟರೆ ಯಂತ್ರದವನನ್ನು ಬೈಯುವುದು ಎಲ್ಲರಿಗೂ ಸುಲಭ.

ಈ ವರ್ಷ ಮತ್ತೆ ಅದೇ ಮಾತು ಎದ್ದಾಗ ಅವನು ಸೂಪರಿಂಟೆಂಡೆಂಟರ ಮೇಜಿನ ಮುಂದೆ ನಿಂತು, “ಬೇರೆ ನೆಟ್‌ವರ್ಕ್ ಕಟ್ಟದೆ ನಾನು ಕೈ ಹಚ್ಚಲ್ಲ ಸಾರ್,” ಎಂದ.

“ಬೇರೆ ಅಂದ್ರೆ?”

“ಈ ಆಸ್ಪತ್ರೆಯ ನಕಲು. ಸರ್ವರುಗಳ ನಕಲು, ಕೌಂಟರುಗಳ ನಕಲು, ಎಲ್ಲಾ ಒಂದೇ ಯಂತ್ರದೊಳಗೆ. ಅದಕ್ಕೂ ಇದಕ್ಕೂ ನಡುವೆ ಒಂದೆಳೆ ತಂತಿ ಇರಬಾರದು. ಅಲ್ಲಿ ಏನು ಸುಟ್ಟುಹೋದರೂ ಇಲ್ಲಿಗೆ ಹೊಗೆ ಬರಬಾರದು. ಹೊಸದನ್ನು ಅಲ್ಲಿ ಹಾಕಿ ನೋಡಿ, ಎಲ್ಲರ ಕೈಲೂ ಅಭ್ಯಾಸ ಮಾಡಿಸಿ, ಆಮೇಲೆ ಇಲ್ಲಿ.”

“ಅಂದ್ರೆ ಸುಳ್ಳು ಆಸ್ಪತ್ರೆ ಕಟ್ಟಬೇಕು ಅಂತೀರಿ.”

“ಹೌದು ಸಾರ್.”

“ನಿಜವಾದ್ದನ್ನೇ ನಡೆಸೋಕಾಗದೆ ಒದ್ದಾಡ್ತಿದೀನಿ ಇಲ್ಲಿ.” ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ಮಾಡ್ಕೊಳ್ಳಿ. ಹೊಸ ಯಂತ್ರ ಗಿಂತ್ರ ಕೇಳಬೇಡಿ.”

ಊಟದ ಹೊತ್ತಿಗೆ ಆಸ್ಪತ್ರೆಗೆಲ್ಲ ಸುಳ್ಳಾಸ್ಪತ್ರೆ ಎಂಬ ಹೆಸರು ಹಬ್ಬಿಯಾಗಿತ್ತು.

ಅವನು ಆರಿಸಿಕೊಂಡದ್ದು ಕೆಳಮಹಡಿಯ ಕೊನೆಯಲ್ಲಿದ್ದ ಹಳೆಯ ಎಕ್ಸ್‌ರೇ ಕೋಣೆಯನ್ನು. ಹೊಸ ಕಟ್ಟಡಕ್ಕೆ ಎಕ್ಸ್‌ರೇ ಸಾಗಿದ ಮೇಲೆ ಅದಕ್ಕೆ ಮುರಿದ ಸ್ಟ್ರೆಚರುಗಳು ಬಂದು ಸೇರಿದ್ದವು. ಅವನ್ನು ಒಂದು ಮೂಲೆಗೆ ಒತ್ತಿದ. ನೆಲದ ಮೇಲೆ ಹಳೆಯ ಯಂತ್ರದ ಕಾಲುಗಳನ್ನು ಬಿಗಿದಿದ್ದ ಕಬ್ಬಿಣದ ಬೋಲ್ಟುಗಳು ಇನ್ನೂ ತಲೆ ಎತ್ತಿಕೊಂಡು ನಿಂತಿದ್ದವು. ಬಂದವರೆಲ್ಲ ಒಮ್ಮೆಯಾದರೂ ಎಡವಿದರು. ಗೋಡೆಗಳಲ್ಲಿ ಸೀಸದ ತಗಡು ಇದ್ದುದರಿಂದ ಒಳಗೆ ಕಾಲಿಟ್ಟೊಡನೆ ಮೊಬೈಲು ಸತ್ತುಹೋಗುತ್ತಿತ್ತು. ಅದು ಅವನಿಗೆ ಬಹಳ ಹಿಡಿಸಿತು.

ಲೆಕ್ಕಪತ್ರ ವಿಭಾಗ ಎಸೆದಿದ್ದ ಒಂದು ದೊಡ್ಡ ಸರ್ವರನ್ನು ತಂದು ಕೂರಿಸಿದ. ಅದರ ಫ್ಯಾನು ಗೊರಕೆ ಹೊಡೆಯುತ್ತಿತ್ತು. ಆ ಒಂದೇ ಯಂತ್ರದ ಹೊಟ್ಟೆಯಲ್ಲಿ ಅವನು ಒಂದೊಂದಾಗಿ ಹಲವು ಯಂತ್ರಗಳನ್ನು ಹುಟ್ಟಿಸಿದ. ಮುಟ್ಟಿದರೆ ಸಿಗುವಂಥವಲ್ಲ, ಲೆಕ್ಕಕ್ಕೆ ಮಾತ್ರ ಇರುವಂಥವು. ಆದರೆ ಅವು ಒಂದರೊಡನೊಂದು ಮಾತಾಡುತ್ತಿದ್ದವು, ಹೆಸರು ಹಿಡಿದು ಕರೆಯುತ್ತಿದ್ದವು, ತಾವೇ ನಿಜವಾದ ಆಸ್ಪತ್ರೆ ಎಂದು ನಂಬಿಕೊಂಡಿದ್ದವು. ಹೆಸರುಗಳೂ ವಿಳಾಸಗಳೂ ಮೇಲಿನ ಸರ್ವರುಗಳವೇ. ಇಲ್ಲಿ ಗೆದ್ದದ್ದು ಅಲ್ಲಿಯೂ ಗೆಲ್ಲಬೇಕಾದರೆ ಹಾಗೆಯೇ ಇರಬೇಕು. ಅಪಾಯವೂ ಅದರಲ್ಲೇ ಇತ್ತು. ಒಂದೇ ಬೀದಿಯಲ್ಲಿ ಒಂದೇ ಹೆಸರಿನ, ಒಂದೇ ಬಾಗಿಲು ಸಂಖ್ಯೆಯ ಎರಡು ಮನೆಗಳಿದ್ದರೆ ಅಂಚೆಯವನು ಯಾವುದಕ್ಕೆ ಹೋಗಬೇಕು? ಆದ್ದರಿಂದ ಅವನು ಕೋಣೆಯ ಗೋಡೆಯಲ್ಲಿದ್ದ ನೆಟ್‌ವರ್ಕ್ ಸಾಕೆಟ್ಟಿನ ಮೇಲೆ ಕಪ್ಪು ಟೇಪು ಅಡ್ಡ ಉದ್ದ ಸುತ್ತಿದ. ಮುಟ್ಟಬಾರದು ಎಂದು ಬರೆದು ಅಂಟಿಸಿದ. ಇಷ್ಟನ್ನೂ ಒಬ್ಬನೇ, ದಿನದ ಕೆಲಸದ ನಡುವೆ ಮಾಡಿದ. ಮಧ್ಯಾಹ್ನಗಳಲ್ಲಿ ಅವನ ಕಣ್ಣು ಕೆಂಪಾಗಿರುತ್ತಿತ್ತು. ಪರದೆಯನ್ನು ನೋಡುತ್ತ ನೋಡುತ್ತ ತಾನು ಏನು ಮಾಡಹೊರಟಿದ್ದೆ ಎಂಬುದನ್ನೇ ಮರೆತು, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ.

ಹೊಸ ಸಾಫ್ಟ್‌ವೇರ್ ಕೂರಿಸಲು ಕಂಪನಿಯವನೊಬ್ಬ ಬಂದ. ನಗುಮೊಗದವ, ಕಂಡವರನ್ನೆಲ್ಲ ಬಾಸ್ ಎನ್ನುವವ. ಒಂದು ಬೆಳಿಗ್ಗೆ ಬೀಗ ಮೇಲೆ ಮೀಟಿಂಗಿನಲ್ಲಿ ಕೂತಿದ್ದಾಗ ಈ ಕಂಪನಿಯವನಿಗೆ ಯಾವುದೋ ಒಂದು ಫೈಲು ಬೇಕಾಯಿತು. ಎರಡು ನಿಮಿಷದ ಕೆಲಸ ಎಂದುಕೊಂಡು ಟೇಪು ಕಿತ್ತು ಕೇಬಲ್ ಚುಚ್ಚಿದ.

ಮೀಟಿಂಗಿನಲ್ಲಿದ್ದ ಬೀಗನಿಗೆ ಫೋನು ಬಂತು. ಮಾಡಿದವಳು ದೊಡ್ಡಮ್ಮ. ನೋಂದಣಿ ಕೌಂಟರಿನ ಗುಮಾಸ್ತೆ ಆಕೆ. ವಯಸ್ಸಿನಲ್ಲಿ ಹಿರಿಯಳೆಂದು ಡಾಕ್ಟರುಗಳಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ದೊಡ್ಡಮ್ಮ. ಪೆನ್ನಿನ ಕಾಲದಿಂದಲೂ ಆ ಕಿಟಕಿಯ ಹಿಂದೆ ಕೂತವಳು.

“ಬೀಗ ಸಾರ್, ನನ್ನ ಎದುರಿಗೆ ಒಬ್ಬ ಅಜ್ಜ ಕೂತಿದಾನೆ. ಹೆಸರು ಹಾಕಿದೆ, ಟೋಕನ್ ಬರಲಿಲ್ಲ. ಅವನ ಹಿಂದಿನ ಹೆಂಗಸಿಂದೂ ಬರಲಿಲ್ಲ. ಲ್ಯಾಬಿಗೆ ಫೋನ್ ಮಾಡಿದ್ರೆ ಅಂಥವರು ಯಾರೂ ಇಲ್ಲ ಅಂತಾರೆ. ಎಲ್ಲಿಗೆ ಕಳಿಸಿದ್ರಿ ನನ್ನ ಜನಾನ?”

ಅವನು ಕುರ್ಚಿ ತಳ್ಳಿ ಎದ್ದ. ಎಕ್ಸ್‌ರೇ ಕೋಣೆಯ ದಪ್ಪ ಬಾಗಿಲು ನೂಕಿದಾಗ ಒಳಗೆ ಅಭ್ಯಾಸಕ್ಕೆಂದು ಇಟ್ಟಿದ್ದ ಪುಟ್ಟ ಪ್ರಿಂಟರು ಒಂದರ ಹಿಂದೊಂದು ಟೋಕನ್ ಉಗುಳುತ್ತಿತ್ತು. ಕಾಗದ ಮೇಜಿನಿಂದ ಇಳಿದು ನೆಲದ ಮೇಲೆ ಸುರುಳಿ ಸುತ್ತುತ್ತಿತ್ತು. ಕಂಪನಿಯವನು ಸೊಂಟದ ಮೇಲೆ ಕೈಯಿಟ್ಟು ಮೆಚ್ಚುಗೆಯಿಂದ ನೋಡುತ್ತಿದ್ದ.

“ಬಾಸ್, ನಿಮ್ಮ ಟೆಸ್ಟು ಸೂಪರ್! ತಾನೇ ಪೇಷೆಂಟ್ ಹುಟ್ಟಿಸ್ತಾ ಇದೆ!”

ಬೀಗ ಕೇಬಲ್ ಕಿತ್ತ. ಕಾಗದವನ್ನು ಎತ್ತಿ ಹೆಸರುಗಳನ್ನು ಓದಿದ. ಎಲ್ಲ ಮೇಲೆ ಸಾಲಿನಲ್ಲಿ ನಿಂತಿದ್ದ ಜೀವಂತ ಮನುಷ್ಯರು. ತಾವು ಹೆಸರು ಬರೆಸಿದ ಆಸ್ಪತ್ರೆ ಸುಳ್ಳಿನದೆಂದು ಅವರಿಗೆ ಯಾರು ಹೇಳಬೇಕು?

“ಸಾರಿ ಬಾಸ್, ಎರಡೇ ನಿಮಿಷ ಅಂತ…”

“ಹೊರಗೆ ನಿಲ್ಲಿ.”

ಆ ಸುರುಳಿಯನ್ನು ಅವನು ತಾನೇ ದೊಡ್ಡಮ್ಮನ ಕಿಟಕಿಗೆ ಒಯ್ದು ಕೊಟ್ಟ. ಆಕೆ ಒಂದೊಂದು ಹೆಸರನ್ನೂ ಹಜಾರದಲ್ಲಿ ಕೂಗಿ ಕರೆದು, ಮುಖ ನೋಡಿ ಮತ್ತೆ ಬರೆದಳು. ಹೊತ್ತು ಮೀರಿತು, ಗದ್ದಲವಾಯಿತು, ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಬೀಗ ಕೆಳಗೆ ಹೋಗಿ ನಕಲಿನೊಳಗೆ ಸಿಕ್ಕಿಕೊಂಡ ಹೆಸರುಗಳನ್ನೆಲ್ಲ ಅಳಿಸಿದ. ಸಾಕೆಟ್ಟನ್ನೇ ಬಿಚ್ಚಿ, ಗೋಡೆಯೊಳಗಿನ ತಂತಿಯನ್ನು ಕತ್ತರಿಸಿ ಹಾಕಿದ. ಆಮೇಲೆ ಬಾಗಿಲ ಮೇಲೆ ಹೊಸ ನಿಯಮ ಅಂಟಿಸಿದ: ಈ ಕೋಣೆಯ ಯಂತ್ರದಲ್ಲಿ ಬದುಕಿರುವ ಯಾರ ಹೆಸರನ್ನೂ, ಯಾರ ಕಾಯಿಲೆಯನ್ನೂ ಬರೆಯಕೂಡದು.

“ಸತ್ತವರದ್ದು ಬರೀಬಹುದಾ ಸಾರ್?” ಎಂದು ಔಷಧಿ ಕೌಂಟರಿನವನು ಕೇಳಿದ.

“ಕೂಡದು.”

“ಮತ್ತೆ ಯಾರದ್ದು?”

“ಹುಟ್ಟೇ ಇಲ್ಲದವರದ್ದು.”

ಅಭ್ಯಾಸ ಶುರುವಾಯಿತು. ಕೌಂಟರಿನಲ್ಲಿ ಕೂರುವ ಪ್ರತಿಯೊಬ್ಬರೂ ಸರದಿಯ ಮೇಲೆ ಬಂದು, ಇಲ್ಲದ ಹತ್ತು ರೋಗಿಗಳನ್ನು ಹುಟ್ಟಿಸಿ, ಹೆಸರು ಬರೆದು, ಟೋಕನ್ ತೆಗೆದು, ಮುಂದಿನ ವಿಭಾಗಕ್ಕೆ ದಾಟಿಸಬೇಕು. ದಿನವಿಡೀ ನಿಜವಾದ ರೋಗಿಗಳ ಗೋಳು ಕೇಳಿ ಬೇಸತ್ತವರಿಗೆ ಇದು ಮೋಜಾಯಿತು. ಔಷಧಿ ಕೌಂಟರಿನವನು ಹೆಸರು ಬದಲಾಯಿಸಿ ತನ್ನ ಅತ್ತೆಯನ್ನು ಅಡ್ಮಿಟ್ ಮಾಡಿದ. ತೊಂದರೆ: ನಾಲಿಗೆ ಉದ್ದ. ಲ್ಯಾಬಿನಾಕೆ ತನ್ನ ಮನೆಯ ಮಾಲೀಕನನ್ನು ಹೋಲುವ ಒಬ್ಬನಿಗೆ ಸೂಜಿ ಚುಚ್ಚಿಸಿ, ರಕ್ತ ಸಿಗಲಿಲ್ಲ ಎಂದು ವರದಿ ಬರೆದಳು. ಯಾರೋ ಒಬ್ಬರು ಬೀಗ ಎಂಬ ಹೆಸರಿನ ರೋಗಿಯನ್ನೇ ಬರೆದಿದ್ದರು: ವಯಸ್ಸು ತಿಳಿಯದು, ತೊಂದರೆ ಬಾಯಿ ತೆರೆಯದು, ಕೀಲಿ ಕಳೆದಿದೆ. ಪಕ್ಕದ ಪರದೆಯ ಮುಂದಿದ್ದವರು ನಗು ತಡೆದುಕೊಂಡು ಕಾದರು. ಬೀಗ ಅದನ್ನು ಓದಿದ. ದಾಖಲೆ ಲ್ಯಾಬಿಗೆ ಸರಿಯಾಗಿ ಹೋಗಿ ಸೇರಿದೆಯೇ ಎಂದು ನೋಡಿದ. ಸೇರಿತ್ತು. ಸರಿ ಎಂದು ಗುರುತು ಹಾಕಿ ಮುಂದಿನದಕ್ಕೆ ಹೋದ.

ದೊಡ್ಡಮ್ಮನ ಸರದಿ ಬಂದಾಗ ಆಕೆ ಕೂತಳು, ಕನ್ನಡಕ ಒರೆಸಿಕೊಂಡಳು, ಬೆರಳುಗಳನ್ನು ಕೀಲಿಮಣೆಯ ಮೇಲೆ ಇಟ್ಟಳು. ಅಲ್ಲಿಗೆ ನಿಂತಿತು.

“ಬರೀರಿ ದೊಡ್ಡಮ್ಮ,” ಎಂದ ಬೀಗ.

“ಯಾರದ್ದು?”

“ಯಾರದ್ದಾದ್ರೂ. ಏನೋ ಒಂದು ಹೆಸರು ಹೊಡೀರಿ.”

“ಏನೋ ಒಂದು ಹೆಸರು ಅಂದ್ರೆ ಹೇಗೆ? ಎದುರಿಗೆ ಯಾರೂ ಇಲ್ಲ. ಯಾರೂ ನನಗೆ ಏನೂ ಹೇಳಿಲ್ಲ.”

“ಊಹೆ ಮಾಡ್ಕೊಳ್ಳಿ.”

“ಊಹೆ ಮಾಡಿ ಬರೆಯೋ ಕೆಲಸ ಅಲ್ಲ ಇದು. ಇಷ್ಟು ವರ್ಷದಲ್ಲಿ ಯಾರೂ ಹೇಳದೇ ಇದ್ದದ್ದನ್ನ ನಾನು ಒಂದಕ್ಷರ ಬರೆದಿಲ್ಲ.”

ಔಷಧಿಯವನು ಬಾಗಿಲಲ್ಲಿ ನಿಂತು, “ನಮ್ಮ ಅತ್ತೆಯ ತಂಗಿ ಒಬ್ಬಳಿದಾಳೆ ದೊಡ್ಡಮ್ಮ, ಹಾಕ್ಕೊಳ್ಳಿ,” ಎಂದ.

“ನೀನು ನಿನ್ನ ಗುಳಿಗೆ ಎಣಿಸು ಹೋಗು.”

ಬೀಗ ಒಂದು ಉಪಾಯ ಮಾಡಿದ. ತಾನೇ ಓದಿ ಹೇಳುತ್ತೇನೆ, ಕೇಳಿಸಿಕೊಂಡು ಬರೆಯಿರಿ ಎಂದ. ಒಂದು ಹೆಸರು ಕಟ್ಟಿ ಹೇಳಿದ. ನಲವತ್ತು ವಯಸ್ಸು, ತಲೆನೋವು ಎಂದ. ಆಕೆಯ ಬೆರಳು ಸರಾಗವಾಗಿ ಓಡಿ ಅಲ್ಲಿಗೆ ನಿಂತಿತು.

“ಎಡಗಡೆಯೋ ಬಲಗಡೆಯೋ?”

“ಏನು?”

“ತಲೆನೋವು.”

“ಯಾವುದೋ ಒಂದು ಕಡೆ.”

“ಎಷ್ಟು ದಿನದಿಂದ? ವಾಂತಿ ಇದೆಯಾ? ಕಣ್ಣು ಮಂಜಾಗುತ್ತಾ?”

“ದೊಡ್ಡಮ್ಮ, ಆತ ಇಲ್ಲವೇ ಇಲ್ಲ.”

“ಹಾಗಾದ್ರೆ ತಲೆನೋವು ಯಾರಿಗೆ?”

ನನಗೇ, ಎನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು. ಆಕೆ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಹಟವೆಂದರೆ ಹಟ, ಆದರೆ ಬರಿಯ ಹಟವೂ ಆಗಿರಲಿಲ್ಲ. ಆಕೆ ಕಲಿತದ್ದೇ ಹಾಗೆ. ಕಿವಿ ಕೇಳಿದ್ದನ್ನು ಬೆರಳು ಬರೆಯುತ್ತಿತ್ತು. ನಡುವೆ ಮನಸ್ಸು ಕೈ ಹಾಕುತ್ತಿರಲಿಲ್ಲ. ಆ ಹೊಸ ಪರದೆಯಲ್ಲಿ ಯಾವ ಖಾನೆ ಎಲ್ಲಿದೆ ಎನ್ನುವುದು ಒಬ್ಬ ಮನುಷ್ಯ ಎದುರಿಗೆ ಕೂತು ಕೆಮ್ಮಿದ್ದರೆ ಆಕೆಗೆ ಒಂದು ಗಂಟೆಯಲ್ಲಿ ಹತ್ತುತ್ತಿತ್ತು. ಗೋಡೆ ನೋಡಿಕೊಂಡು ಕೂತರೆ ಒಂದು ವಾರಕ್ಕೂ ಹತ್ತುವುದಿಲ್ಲ.

ಸೂಪರಿಂಟೆಂಡೆಂಟರು ಗಡುವು ಹಾಕಿಬಿಟ್ಟರು. ಶುಕ್ರವಾರದೊಳಗೆ ಹತ್ತು ರೋಗಿಗಳನ್ನು ದಾಟಿಸದವರು, ಹೊಸದು ಶುರುವಾಗುವ ಸೋಮವಾರ, ಕೌಂಟರಿನಲ್ಲಿ ಕೂರುವಂತಿಲ್ಲ. ಯಾರು ದಾಟಿಸಿದರು, ಯಾರಿಲ್ಲ ಎಂದು ಹೇಳಬೇಕಾದವನು ಬೀಗ.

“ದೊಡ್ಡಮ್ಮನ ಗತಿ ಏನು ಸಾರ್?”

“ಹೊದಿಕೆ ಬಟ್ಟೆಯ ಸ್ಟೋರಿಗೆ ಹಾಕೋಣ. ನಿವೃತ್ತಿಗೆ ಇನ್ನೆಷ್ಟಿದೆ ಅವರಿಗೆ? ಆರಾಮಾಗಿ ಕೂತಿರಲಿ.”

ಸ್ಟೋರು ತಾರಸಿಯ ಕೆಳಗಿನ ಕತ್ತಲೆ ಕೋಣೆ. ಒಗೆದ ಹೊದಿಕೆಗಳು ಮಧ್ಯಾಹ್ನಕ್ಕೊಮ್ಮೆ ಬರುತ್ತಿದ್ದವು, ಬೆಳಿಗ್ಗೆ ಹೋಗುತ್ತಿದ್ದವು. ನಡುವೆ ಅಲ್ಲಿಗೆ ನರಪಿಳ್ಳೆ ಬರುತ್ತಿರಲಿಲ್ಲ. ಸುದ್ದಿ ಮುಟ್ಟಿದಾಗ ದೊಡ್ಡಮ್ಮ, “ಒಳ್ಳೇದೇ ಆಯ್ತು. ಹೊದಿಕೆಗಳಿಗೆ ಏನು ಕಾಯಿಲೆ ಅಂತ ಕೇಳ್ತಾ ಕೂತಿರ್ತೀನಿ,” ಎಂದಳು. ಜನ ನಕ್ಕರು. ಆಕೆ ನಗಲಿಲ್ಲ. ಆ ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಹಾಗೇ ಮನೆಗೆ ವಾಪಸು ಒಯ್ದಳು.

ಸಂಜೆ ಮನೆಯಲ್ಲಿ ಅಕ್ಕ ಬಾಗಿಲು ತೆರೆಯುತ್ತಲೇ, “ಬಂದ್ರಾ, ಸುಳ್ಳಾಸ್ಪತ್ರೆಯ ದೊಡ್ಡ ಡಾಕ್ಟರು,” ಎಂದಳು.

“ನಿನಗೆ ಯಾರು ಹೇಳಿದ್ರು?”

“ನೀನಂತೂ ಹೇಳಲಿಲ್ಲ. ಪಕ್ಕದ ಮನೆಯವಳ ಸೊಸೆ ಅಲ್ಲೇ ನರ್ಸು. ನಿನ್ನ ಬಗ್ಗೆ ಏನಾದ್ರೂ ತಿಳೀಬೇಕು ಅಂದ್ರೆ ನಾನು ಕಾಂಪೌಂಡ್ ಗೋಡೆ ಹತ್ತಿರ ನಿಲ್ಲಬೇಕು.” ಅವಳು ಚಹಾ ತಂದಿಟ್ಟಳು. “ರೋಗಿಗಳು ಸಾಲ್ತಾ ಇಲ್ವಂತಲ್ಲ. ನನ್ನನ್ನ ಬರ್ಕೋ. ನನ್ನ ಮಂಡಿನೋವು ಬರ್ಕೋ.”

“ಬದುಕಿರೋರ ನಿಜವಾದ ಕಾಯಿಲೆ ಬರೆಯೋ ಹಾಗಿಲ್ಲ.”

“ನನ್ನ ಮಂಡಿನೋವು ನಿಜ ಅಂತ ಇವತ್ತಾದ್ರೂ ಒಪ್ಕೊಂಡ್ಯಲ್ಲ, ಸಾಕು ಮಾರಾಯ.”

ಅವನು ಚಹಾ ಕುಡಿದ. ದೊಡ್ಡಮ್ಮನ ವಿಷಯವನ್ನೂ ಹೇಳಿದ. ಅವನು ತಾನಾಗಿ ಬಾಯಿಬಿಟ್ಟು ಕಚೇರಿಯ ಮಾತು ಹೇಳಿದ್ದು ಅಪರೂಪವಾದ್ದರಿಂದ ಅಕ್ಕ ಕೈಯಲ್ಲಿದ್ದ ಬಟ್ಟೆ ಮಡಿಸುವುದನ್ನು ನಿಲ್ಲಿಸಿ ಕೇಳಿದಳು.

“ಪಾಸು ಅಂತ ಹೇಳಿಬಿಡು. ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?”

“ಆಗದೇ ಇರೋದನ್ನ ಆಗಿದೆ ಅಂತ ಹೇಳೋಕಾಗಲ್ಲ. ಸೋಮವಾರ ಕೌಂಟರ್ ಮುಂದೆ ಇನ್ನೂರು ಜನ ನಿಂತಿರ್ತಾರೆ. ಆಕೆಗೆ ಕೈ ಬರದೇ ಇದ್ರೆ?”

“ಹಾಗಾದ್ರೆ ಸ್ಟೋರಿಗೆ ಕಳಿಸು.”

“ಅದನ್ನೇ ಮಾಡ್ಬೇಕು.”

“ಮಾಡು. ಮತ್ತೆ ನನ್ನ ಹತ್ತಿರ ಯಾಕೆ ಹೇಳ್ತಿದೀಯ?”

ಅವನು ಎದ್ದ. ಲೋಟ ತೊಳೆದಿಟ್ಟು ಮಲಗಲು ಹೋದ.

ಶುಕ್ರವಾರ ಸಂಜೆಯ ಹೊತ್ತಿಗೆ ಎಲ್ಲರೂ ಮುಗಿಸಿದ್ದರು. ಎಕ್ಸ್‌ರೇ ಕೋಣೆಯಲ್ಲಿ ದೊಡ್ಡಮ್ಮ ಒಬ್ಬಳೇ ಪರದೆಯ ಮುಂದೆ ಕೂತಿದ್ದಳು. ಖಾನೆಗಳು ಖಾಲಿ. ಮೊದಲನೆಯ ಖಾನೆಯಲ್ಲಿ ಗೀಟೊಂದು ಮಿಟುಕುತ್ತಿತ್ತು. ಸರ್ವರಿನ ಫ್ಯಾನು ಗೊರಗೊರ ಎನ್ನುತ್ತಿತ್ತು. ಬೀಗ ಬಾಗಿಲಲ್ಲಿ ನಿಂತ. ಆಗಲಿಲ್ಲ ಎಂದು ಗುರುತು ಹಾಕುವುದೊಂದೇ ಬಾಕಿ. ಅದಾದರೆ ಯಂತ್ರವನ್ನು ಆರಿಸಿ ಅವನೂ ಮನೆಗೆ ಹೋಗಬಹುದಿತ್ತು. ವಾರಗಟ್ಟಲೆಯ ಆಯಾಸ ಅವನ ಬೆನ್ನಿನಲ್ಲಿ ಕಲ್ಲಿನಂತೆ ಕೂತಿತ್ತು.

“ಬರ್ಕೊಳ್ಳಿ ಸಾರ್, ಆಗಲಿಲ್ಲ ಅಂತ,” ಎಂದಳು ದೊಡ್ಡಮ್ಮ, ತಿರುಗದೆಯೇ. “ನಿಮ್ಮ ತಪ್ಪಿಲ್ಲ. ಬೆಳಿಗ್ಗೆಯಿಂದ ಪ್ರಯತ್ನ ಮಾಡಿದೆ. ಒಂದು ಹೆಸರು ಹೊಡೆದೆ ಕೂಡ. ಈ ಹೆಸರಿನವನು ನಿಜವಾಗ್ಲೂ ಎಲ್ಲಾದ್ರೂ ಇದ್ದು, ಅವನಿಗೆ ಈ ಕಾಯಿಲೆ ಬಂದುಬಿಟ್ರೆ ಅನ್ನಿಸ್ತು. ಅಳಿಸಿಬಿಟ್ಟೆ. ಮುದುಕಿ ಬುದ್ಧಿ, ನಗಬೇಡಿ.”

ಅವನು ನಗಲಿಲ್ಲ. ನಿಯಮದ ಕಾಗದ ಅಂಟಿಸಿದ್ದ ಆ ಬಾಗಿಲನ್ನು ಹಿಂದಕ್ಕೆ ನೂಕಿ ಒಳಗೆ ಬಂದ. ಮುರಿದ ಸ್ಟ್ರೆಚರುಗಳ ನಡುವಿನಿಂದ ಒಂದು ಸ್ಟೂಲು ಎಳೆದು, ಮೇಜಿನ ಆಚೆ ಬದಿಗೆ, ಆಕೆಯ ಎದುರಿಗೆ ಇಟ್ಟು ಕೂತ.

ದೊಡ್ಡಮ್ಮ ಕನ್ನಡಕದ ಮೇಲಿನಿಂದ ನೋಡಿದಳು. ಎದುರಿಗೆ ಕೂತ ಮನುಷ್ಯ ಸುಮ್ಮನಿದ್ದರೆ ಏನು ಕೇಳಬೇಕೆಂಬುದನ್ನು ಆಕೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ಹೆಸರು?”

ಅವನು ತನ್ನ ಹೆಸರು ಹೇಳಿದ. ತಂದೆ ತಾಯಿ ಇಟ್ಟದ್ದು, ಪೂರ್ತಿ. ಅಷ್ಟು ವರ್ಷ ಒಂದೇ ಕಟ್ಟಡದಲ್ಲಿದ್ದೂ ಆಕೆ ಅದನ್ನು ಕೇಳಿರಲಿಲ್ಲ. ಬೆರಳುಗಳು ಓಡಿದವು.

“ವಯಸ್ಸು?”

ಹೇಳಿದ.

“ಏನು ತೊಂದರೆ?”

“ಏನಿಲ್ಲ.”

“ಏನಿಲ್ಲದೆ ಯಾರೂ ಇಲ್ಲಿಗೆ ಬರಲ್ಲಪ್ಪ. ಹೇಳಿ, ಹಿಂದೆ ಜನ ನಿಂತಿದಾರೆ.”

ಹಿಂದೆ ಮುರಿದ ಸ್ಟ್ರೆಚರುಗಳು ನಿಂತಿದ್ದವು. ಅವನು ತನ್ನ ಅಂಗೈಗಳನ್ನು ನೋಡಿಕೊಂಡ. “ನಿದ್ದೆ ಬರಲ್ಲ,” ಎಂದ.

“ಮಲಗಿದ ಮೇಲೆ ಬರಲ್ವಾ, ಅಥವಾ ಬಂದು ನಡುವೆ ಎಚ್ಚರ ಆಗುತ್ತಾ?”

“ಎಚ್ಚರ ಆಗುತ್ತೆ. ಯಾವುದೋ ಬಾಗಿಲು ಹಾಕದೇ ಬಂದಿದೀನಿ ಅನ್ಸುತ್ತೆ. ಎದ್ದು ಹೋಗಿ ನೋಡ್ತೀನಿ. ಹಾಕಿರುತ್ತೆ. ಮತ್ತೆ ಮಲಗಿದ್ರೆ ಮತ್ತೆ ಅನ್ಸುತ್ತೆ.”

“ಎಷ್ಟು ದಿನದಿಂದ?”

“ದಿನ ಅಲ್ಲ. ವರ್ಷ ಅಂತ ಹಾಕಿ.”

ಆಕೆ ಹುಬ್ಬೇರಿಸಲಿಲ್ಲ, ಅಯ್ಯೋ ಎನ್ನಲಿಲ್ಲ. ದಿನ ಎಂದಿದ್ದುದನ್ನು ವರ್ಷ ಎಂದು ಬದಲಾಯಿಸಲು ಹೊಸ ಪರದೆಯಲ್ಲಿ ಎಲ್ಲಿ ಒತ್ತಬೇಕೆಂದು ಒಂದು ಕ್ಷಣ ಹುಡುಕಿದಳು, ಸಿಕ್ಕಿತು, ಒತ್ತಿದಳು.

“ತುರ್ತು ಬಂದ್ರೆ ಯಾರಿಗೆ ತಿಳಿಸಬೇಕು?”

“ಅದು ಬೇಡ, ಬಿಡಿ.”

“ಬಿಡೋ ಹಾಗಿಲ್ಲ. ಇದನ್ನ ತುಂಬದೇ ಇದ್ರೆ ನಿಮ್ಮ ಈ ಸಾಫ್ಟ್‌ವೇರು ಮುಂದಕ್ಕೆ ಹೋಗಲ್ಲ ಅಂತ ನೀವೇ ಹೇಳಿಕೊಟ್ಟಿದೀರಿ.”

ಅವನು ಅಕ್ಕನ ಹೆಸರು ಹೇಳಿದ. ಅದನ್ನೂ ಪೂರ್ತಿ ಹೇಳಿದ.

ಪ್ರಿಂಟರು ಕಿರುಗುಟ್ಟಿ ಒಂದು ಟೋಕನ್ ಹೊರಚಾಚಿತು. ದೊಡ್ಡಮ್ಮ ಹರಿದು ಅವನ ಕಡೆ ನೀಡಿದಳು. ಆಕೆಯ ದನಿ ಕೌಂಟರಿನದೇ ದನಿ, ನಿತ್ಯದ್ದು, ಅವಸರದ್ದು. “ಹೊರಗೆ ಬೆಂಚಿನ ಮೇಲೆ ಕೂತಿರಿ. ಕರೀತಾರೆ. ಮುಂದಿನವರು ಬನ್ನಿ.”

ಅಲ್ಲಿ ಯಾರೂ ಕರೆಯುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆ ಡಾಕ್ಟರೂ ಇಲ್ಲ, ಆ ವಿಭಾಗವೂ ಇಲ್ಲ. ಎಲ್ಲ ಅವನೇ ಯಂತ್ರದೊಳಗೆ ಕಟ್ಟಿದ್ದು, ಹೊರಗೆ ಒಂದೆಳೆ ತಂತಿ ಹೋಗದ ಹಾಗೆ. ಆದರೂ ಅವನು ಎದ್ದು, ಟೋಕನ್ ಹಿಡಿದುಕೊಂಡು ಹೊರಗೆ ಹೋಗಿ ಬೆಂಚಿನ ಮೇಲೆ ಕೂತ. ಗೋಡೆಗೆ ತಲೆ ಒರಗಿಸಿದ.

ಅಷ್ಟರಲ್ಲಿ ಔಷಧಿ ಕೌಂಟರಿನವನು ಚೀಲ ಹೆಗಲಿಗೇರಿಸಿಕೊಂಡು ಮನೆಗೆ ಹೊರಟವನು ಆ ದಾರಿಯಾಗಿ ಬಂದ. ಬೀಗ ಬೆಂಚಿನ ಮೇಲೆ ರೋಗಿಯ ಹಾಗೆ ಕೂತದ್ದನ್ನು ಕಂಡು ನಿಂತ.

“ಏನ್ ಸಾರ್, ಇಲ್ಲಿ?”

“ಒಳಗೆ ಹೋಗು. ದೊಡ್ಡಮ್ಮನ ಎದುರಿಗೆ ಸ್ಟೂಲ್ ಇದೆ, ಕೂತ್ಕೋ.”

“ಕೂತು?”

“ಕೇಳಿದ್ದಕ್ಕೆ ಉತ್ತರ ಹೇಳು. ನಿನ್ನ ಹೆಸರೇ ಹೇಳು,” ಎಂದ ಬೀಗ, ಕಣ್ಣು ಮುಚ್ಚಿಕೊಂಡು. “ನಿಜವಾಗಿ ಎಲ್ಲಿ ನೋವಿದೆಯೋ ಅದನ್ನ ಹೇಳು.”